1,200 ಮನೆ, ಒಂದು ಗೇಟು

(ಮಾತು ನಡೆದದ್ದು ಆರ್.ಟಿ. ನಗರದ ಒಂದು ಮನೆಯಲ್ಲಿ. ಅತ್ತೆ ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಳಿಯ ಟೀವಿ ನೇರಪ್ರಸಾರಗಳಲ್ಲಿ ಟಾಕ್‌ಬ್ಯಾಕ್, ಅಂದರೆ ಸಿಬ್ಬಂದಿ ತಮ್ಮೊಳಗೆ ಮಾತಾಡುವ ಇಂಟರ್‌ಕಾಮ್, ನೋಡಿಕೊಳ್ಳುವವನು. ಯಲಹಂಕದ ದೊಡ್ಡ ಅಪಾರ್ಟ್‌ಮೆಂಟ್ ಒಂದರಲ್ಲಿ ವಾಸ, ಅಲ್ಲಿನ ಕಮಿಟಿಯಲ್ಲೂ ಇದ್ದಾನೆ.)

ಅಳಿಯ: ಅತ್ತೆ, ನಮ್ಮ ಅಪಾರ್ಟ್‌ಮೆಂಟಿನ ಇಂಟರ್‌ಕಾಮ್ ನನ್ನ ಕೊರಳಿಗೆ ಬಿದ್ದಿದೆ. ಮೊದಲ ಹಂತದಲ್ಲಿ 300 ಮನೆ ಇದ್ದಾಗ ಹಾಕಿದ್ದು ಅದು. ಈಗ ಮೂರನೇ ಹಂತವೂ ಸೇರಿ 1,200 ಮನೆ. ಸಂಜೆ ಏಳಾದರೆ ಗೇಟಿನಿಂದ ಕರೆ ಹೋಗೋದೇ ಕಷ್ಟ, ಡೆಲಿವರಿ ಹುಡುಗರು ಬ್ಯಾಗ್ ಹೊತ್ತು ಸಾಲಾಗಿ ನಿಂತಿರ್ತಾರೆ. ಕೊಟೇಶನ್ ಕೊಟ್ಟವರೊಬ್ಬರು, ಪೂರ್ತಿ ನಾನ್‌ಬ್ಲಾಕಿಂಗ್ ಮ್ಯಾಟ್ರಿಕ್ಸ್ ಹಾಕಿಸಿಬಿಡಿ, 1,200 ಮನೆಯವರೂ ಒಂದೇ ಸಲ ಮಾತಾಡಬಹುದು ಅಂತಾರೆ.

ಅತ್ತೆ: ಎಲ್ಲರೂ ಒಂದೇ ಸಲ ಮಾತಾಡಿದ್ರೆ ಕೇಳೋರು ಯಾರೋ?

ಅಳಿಯ: ತಮಾಷೆ ಇರಲಿ. ಮನೆ ನಾಲ್ಕು ಪಟ್ಟಾಯ್ತು. ಇಂಟರ್‌ಕಾಮಿನ ಪೆಟ್ಟಿಗೆಯೂ ನಾಲ್ಕು ಪಟ್ಟು ದೊಡ್ಡದಾದ್ರೆ ಸಾಕಲ್ವಾ?

ಅತ್ತೆ: ಎಲ್ಲರೂ ಎಡವೋದು ಅಲ್ಲೇ. ಮನೆ ಎಣಿಸಿದ್ರೆ ಸಾಲದು, ಜೋಡಿ ಎಣಿಸಬೇಕು. ಐದು ಮನೆಗೆ ಹತ್ತು ಜೋಡಿ. ಹತ್ತು ಮನೆಗೆ 45. ನಿಮ್ಮ 300 ಮನೆಗೆ 44,850. ಈಗಿನ 1,200ಕ್ಕೆ ಎಷ್ಟು ಹೇಳು ನೋಡೋಣ?

ಅಳಿಯ: 1,200 ಗುಣಿಸು 1,199, ಅದರಲ್ಲಿ ಅರ್ಧ... 7,19,400!

ಅತ್ತೆ: ಮನೆ ನಾಲ್ಕು ಪಟ್ಟು, ಜೋಡಿ ಹದಿನಾರು ಪಟ್ಟು. ಟೆಲಿಫೋನಿನ ಚರಿತ್ರೆ ಪೂರ್ತಿ ಈ ಗುಣಾಕಾರದ ಜೊತೆಗಿನ ಜಗಳ. ಅದನ್ನ ಯಾರೂ ಇಲ್ಲವಾಗಿಸಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಅದನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತಾ ಬಂದರು, ಅಷ್ಟೇ.

ಅಳಿಯ: ಆದರೆ ನಮ್ಮಲ್ಲಿ ಏಳು ಲಕ್ಷ ತಂತಿ ಎಲ್ಲಿದೆ? ಮನೆಗೆ ಒಂದು ಜೊತೆ ವೈರು, ಬೇಸ್‌ಮೆಂಟಿನಲ್ಲಿ ಎಲ್ಲ ವೈರೂ ಸೇರೋ ಎಂಡಿಎಫ್ ರೂಮಿನ ಕ್ರೋನ್ ಜೋಡಣೆ ಪಟ್ಟಿಗೆ ಬಂದು ಕೂರುತ್ತೆ. ಅಲ್ಲಿಂದ ಪೆಟ್ಟಿಗೆಗೆ.

ಅತ್ತೆ: ಅದೇ ಮೊದಲನೇ ತಳ್ಳಾಟ. ಎಲ್ಲರ ತಂತಿಯನ್ನೂ ಒಂದು ರೂಮಿಗೆ ತಂದ ಕೂಡಲೇ ರಸ್ತೆಯ ಮೇಲಿನ ತಂತಿ 1,200 ಜೊತೆಗೆ ಇಳಿಯಿತು. ಏಳು ಲಕ್ಷ ರೂಮಿನೊಳಗೆ ಬಂದು ಕೂತಿತು. ಮೊದಲು ಅದನ್ನ ಹೊತ್ತವರು ಆಪರೇಟರ್ ಹೆಣ್ಣುಮಕ್ಕಳು, ಕೈಯಲ್ಲಿ ಕಾರ್ಡ್ ಹಿಡಿದು ಯಾರನ್ನ ಯಾರಿಗೆ ಬೇಕಾದ್ರೂ ಸಿಕ್ಕಿಸ್ತಿದ್ರು. ಆಮೇಲೆ ಯಂತ್ರ ಬಂತು. ಸ್ಟ್ರೋಜರ್ ಅಂತ ಒಬ್ಬ ಅಮೆರಿಕದವನು 1891ರಲ್ಲಿ ಪೇಟೆಂಟ್ ಪಡೆದ ಜಾತಿ. 1948ರಲ್ಲಿ ನಮ್ಮ ಐಟಿಐ ಶುರುವಾದಾಗ ತಯಾರಿಸಿದ್ದೂ ಅದನ್ನೇ. ನೀನು ಒಂದು ಅಂಕಿ ತಿರುಗಿಸಿದ್ರೆ ಒಂದು ತೋಳು ಅಷ್ಟು ಮೆಟ್ಟಿಲು ಮೇಲೆ ಹತ್ತುತ್ತೆ, ಇನ್ನೊಂದು ಅಂಕಿಗೆ ಅಷ್ಟು ಹೆಜ್ಜೆ ಪಕ್ಕಕ್ಕೆ ತಿರುಗುತ್ತೆ. ಹತ್ತು ಮೆಟ್ಟಿಲು, ಮೆಟ್ಟಿಲಿಗೆ ಹತ್ತು ಹೆಜ್ಜೆ, ಒಂದು ಸೆಲೆಕ್ಟರಿಗೆ ನೂರು ಜಾಗ.

ಅಳಿಯ: ನೀವು ಕೆಲಸ ಮಾಡಿದ್ದು ಅದರಲ್ಲೇನಾ?

ಅತ್ತೆ: ನಾನು ಸೇರೋ ಹೊತ್ತಿಗೆ ಕ್ರಾಸ್‌ಬಾರ್ ಇತ್ತು. ಬೆಲ್ಜಿಯಂನಿಂದ ತಂದ ಪೆಂಟಾಕಾಂಟಾ ತಂತ್ರ. ಅಡ್ಡ ಸರಳು, ಉದ್ದ ಸರಳು, ಎರಡೂ ಕೂಡುವಲ್ಲಿ ಒಂದು ಸಂಪರ್ಕ. ನೀನು ಮ್ಯಾಟ್ರಿಕ್ಸ್ ಅಂತೀಯಲ್ಲ, ಅದನ್ನ ಕಣ್ಣಾರೆ ನೋಡಬಹುದಾಗಿದ್ದ ಕಾಲ. ಸ್ಪ್ರಿಂಗ್ ಎಷ್ಟು ಭಾರಕ್ಕೆ ಮಣಿಯುತ್ತೆ ಅಂತ ಗ್ರಾಂ ಗೇಜ್ ಹಿಡಿದು ನೋಡ್ತಿದ್ವಿ, ಕಾಂಟ್ಯಾಕ್ಟ್‌ಗಳ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸ್ತಿದ್ವಿ, ಸರಿಯಿಲ್ಲದಿದ್ರೆ ಸ್ಪ್ರಿಂಗನ್ನ ಇಕ್ಕಳದಲ್ಲಿ ಒಂಚೂರು ಬಗ್ಗಿಸ್ತಿದ್ವಿ. ಸಾಲಿನಲ್ಲಿ ಕೂತವರು ಹೆಚ್ಚಾಗಿ ಹೆಂಗಸರೇ. ಒಂದೊಂದು ಸಂಪರ್ಕಕ್ಕೂ ಬೆಳ್ಳಿ, ಸ್ಪ್ರಿಂಗು, ಯಾರದೋ ಬೆರಳು ಖರ್ಚಾಗ್ತಿತ್ತು. ಆದ್ದರಿಂದ ಸಂಪರ್ಕಗಳು ಹದಿನಾರು ಪಟ್ಟಾಗೋದು ಅಂದ್ರೆ ಏನು ಅಂತ ನಮಗೆ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ.

ಅಳಿಯ: ಸಾವಿರ ಲೈನಿನ ಎಕ್ಸ್‌ಚೇಂಜ್‌ಗೆ ಹತ್ತು ಲಕ್ಷ ಸಂಪರ್ಕ ಬೇಕಾಗ್ತಿತ್ತಾ ಹಾಗಾದ್ರೆ?

ಅತ್ತೆ: ಒಂದೇ ದೊಡ್ಡ ಚೌಕ ಮಾಡಿದ್ರೆ ಹೌದು. ಯಾರೂ ಹಾಗೆ ಮಾಡ್ತಿರಲಿಲ್ಲ. 1953ರಲ್ಲಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋಸ್ ಒಂದು ಪ್ರಬಂಧ ಬರೆದ. ದೊಡ್ಡ ಚೌಕದ ಬದಲು ಚಿಕ್ಕ ಚಿಕ್ಕ ಚೌಕಗಳನ್ನ ಮೂರು ಸಾಲಾಗಿ ನಿಲ್ಲಿಸು ಅಂದ. ಮೊದಲ ಸಾಲಿನ ಒಂದೊಂದು ಚೌಕದಲ್ಲಿ 20 ಜನ, ಅಂಥವು 50. ಕೊನೇ ಸಾಲಿನಲ್ಲೂ ಅಷ್ಟೇ. ನಡುವಿನ ಸಾಲಿನಲ್ಲಿ 50ಕ್ಕೆ 50ರ ಚೌಕಗಳು. ಅವು ಎಷ್ಟಿದ್ರೆ ಯಾರಿಗೂ ದಾರಿ ಸಿಗಲಿಲ್ಲ ಅನ್ನೋ ಹಾಗಾಗಲ್ಲ? ನೀನೇ ಯೋಚಿಸು.

ಅಳಿಯ: ನನ್ನ ಚೌಕದಲ್ಲಿ ನನ್ನ ಬಿಟ್ಟು 19 ಜನ. ಅವರೆಲ್ಲ ಮಾತಾಡ್ತಿದ್ರೆ ನಡುವಿನ 19 ಚೌಕ ನನಗೆ ಸಿಗಲ್ಲ. ನಾನು ಕರೆಯೋನ ಚೌಕದಲ್ಲೂ ಅವನ ಬಿಟ್ಟು 19. ಅವರು ಬೇರೆಯೇ 19 ಚೌಕ ಹಿಡಿದಿದ್ರೆ ಅವೂ ಹೋದವು. ಒಟ್ಟು 38. ಅಂದ್ರೆ 39 ಇದ್ರೆ ಒಂದಾದ್ರೂ ಖಾಲಿ ಇರಲೇಬೇಕು.

ಅತ್ತೆ: ಆಯ್ತಲ್ಲ, ಕ್ಲೋಸ್ ಬರೆದದ್ದು ಅಷ್ಟೇ. ಕೂಡಿ ನೋಡಿದ್ರೆ 1,75,500 ಸಂಪರ್ಕ ಸಾಕು. ಹತ್ತು ಲಕ್ಷದ ಜಾಗದಲ್ಲಿ ಒಂದು ಮುಕ್ಕಾಲು ಲಕ್ಷ, ಅದೂ ಯಾರನ್ನೂ ತಡೆಯದೆ. ಆದರೆ ಚಿಕ್ಕದರಲ್ಲಿ ಈ ಲಾಭ ಇಲ್ಲ. 36 ಲೈನಿಗೆ ಒಂದೇ ಚೌಕ ಆದ್ರೆ 1,296, ಮೂರು ಸಾಲು ಆದ್ರೆ 1,188. ಅದಕ್ಕಿಂತ ತೀರಾ ಚಿಕ್ಕದಕ್ಕೆ ಮೂರು ಸಾಲು ದಂಡ. ಹದಿನಾರು ಮನೆಗೆ ಸರಿಹೋದ ವಿನ್ಯಾಸ ಸಾವಿರ ಮನೆಗೆ ಬೇರೆಯಾಗಲೇಬೇಕು, ಅದನ್ನೇ ಹಿಗ್ಗಿಸೋಕಾಗಲ್ಲ.

ಅಳಿಯ: ಒಂದು ಮುಕ್ಕಾಲು ಲಕ್ಷವೂ ಕಡಿಮೆ ಏನಲ್ಲ, ಎಲ್ಲರೂ ಅಷ್ಟು ಹಾಕ್ತಿದ್ರಾ?

ಅತ್ತೆ: ಎಲ್ಲಿ ಹಾಕ್ತಾರೆ? ಟೆಲಿಫೋನಿನವರು ಇನ್ನೂ ಒಂದು ಜೂಜು ಆಡ್ತಿದ್ರು, ಎಲ್ಲರೂ ಒಂದೇ ಸಲ ಫೋನ್ ಎತ್ತಲ್ಲ ಅಂತ. ಡೆನ್ಮಾರ್ಕಿನ ಎರ್ಲಾಂಗ್ ಆ ಜೂಜಿಗೆ 1917ರಲ್ಲಿ ಸೂತ್ರ ಕೊಟ್ಟ. ಬಿಡುವಿಲ್ಲದ ಒಂದು ಗಂಟೆಯಲ್ಲಿ ಮನೆಗೆ ಮೂರು ನಿಮಿಷದಂತೆ ನೂರು ಮನೆ ಮಾತಾಡಿದ್ರೆ 300 ನಿಮಿಷ, ಅಂದ್ರೆ ಐದು ಗಂಟೆ ಮಾತು. ಅದಕ್ಕೆ ಐದು ಎರ್ಲಾಂಗ್ ಅಂತಾರೆ. ನೂರರಲ್ಲಿ ಒಂದು ಕರೆ ಮಾತ್ರ ತಪ್ಪಬಹುದು ಅಂದ್ರೆ 11 ದಾರಿ ಬೇಕು. ಮನೆ ಸಾವಿರ ಆದ್ರೆ 50 ಎರ್ಲಾಂಗ್. ದಾರಿ ಎಷ್ಟು ಬೇಕು?

ಅಳಿಯ: ಹತ್ತು ಪಟ್ಟು ಅಂದ್ರೆ 110.

ಅತ್ತೆ: 64 ಸಾಕು. ಜನ ಹೆಚ್ಚಾದಷ್ಟೂ ಒಬ್ಬ ಬಿಟ್ಟ ದಾರಿ ಇನ್ನೊಬ್ಬನಿಗೆ ಬೇಗ ಸಿಗುತ್ತೆ. ಗುಂಪು ದೊಡ್ಡದಾದ್ರೆ ಎಲ್ಲವೂ ಕೆಡುತ್ತೆ ಅಂತ ತಿಳೀಬೇಡ, ಕೆಲವು ಲೆಕ್ಕ ಸುಧಾರಿಸುತ್ತೆ.

ಅಳಿಯ: ನನ್ನ ಕಸುಬಿನಲ್ಲಿ ಈ ಜೂಜು ನಡೆಯಲ್ಲ ಅತ್ತೆ. ಕ್ರಿಕೆಟ್ ನೇರಪ್ರಸಾರದಲ್ಲಿ ಒಂದು ವಿಕೆಟ್ ಬಿತ್ತು ಅಂದ್ಕೊಳ್ಳಿ. ಆ ಎರಡು ಸೆಕೆಂಡಿನಲ್ಲಿ ಡೈರೆಕ್ಟರ್ ಕ್ಯಾಮೆರಾದವರನ್ನ ಕರೀತಾರೆ, ಪ್ರೊಡ್ಯೂಸರ್ ಕಾಮೆಂಟೇಟರ್ ಕಿವಿಗೆ ಮಾತಾಡ್ತಾರೆ, ರೀಪ್ಲೇಯವರು ಸಿದ್ಧ ಅಂತಾರೆ, ಗ್ರಾಫಿಕ್ಸಿನವರು ಹೆಸರು ಕೇಳ್ತಾರೆ. ಎಲ್ಲ ಗುಂಡಿಯೂ ಒಂದೇ ಸಲ ಒತ್ತಿರುತ್ತೆ. ‘ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ’ ಅಂದ್ರೆ ನನ್ನ ಕೆಲಸ ಹೋದ ಹಾಗೆ.

ಅತ್ತೆ: ಅಂದ್ರೆ ನಿಮಗೆ ನಾನ್‌ಬ್ಲಾಕಿಂಗೇ ಬೇಕು. ಸರಿ. ಎಷ್ಟು ಜನ ಇರ್ತೀರಿ?

ಅಳಿಯ: ಚಿಕ್ಕ ಕಾರ್ಯಕ್ರಮಕ್ಕೆ ಪಾರ್ಟಿಲೈನ್ ಸಾಕು, ಒಂದೇ ತಂತಿಗೆ ಎಲ್ಲರ ಬೆಲ್ಟ್‌ಪ್ಯಾಕೂ. ಅದು ಹತ್ತು ಹದಿನೈದು ಜನಕ್ಕೇ ಸಾಕಾಗಿಹೋಗುತ್ತೆ. ತೆರೆದ ಮೈಕು ಎರಡು ಪಟ್ಟಾದಾಗಲೆಲ್ಲ ಗದ್ದಲ 3 ಡೆಸಿಬೆಲ್ ಏರುತ್ತೆ. ಹದಿನಾರು ಮೈಕು ತೆರೆದಿದ್ರೆ ಒಂದಕ್ಕಿಂತ 12 ಡೆಸಿಬೆಲ್ ಜಾಸ್ತಿ. ಜನ ಹೆಚ್ಚಾದಂತೆ ಮ್ಯಾಟ್ರಿಕ್ಸ್‌ಗೆ ಹೋಗ್ತೀವಿ, ಒಬ್ಬೊಬ್ಬರಿಗೂ ಕೀ ಪ್ಯಾನೆಲ್. ಅಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಎಕ್ಸ್‌ಚೇಂಜ್ ಒಬ್ಬನನ್ನ ಒಬ್ಬನಿಗೆ ಜೋಡಿಸಿದ್ರೆ ಮುಗೀತು. ನನ್ನ ಮ್ಯಾಟ್ರಿಕ್ಸ್ ಎಂಟು ಜನರ ದನಿಯನ್ನ ಬೇರೆ ಬೇರೆ ಮಟ್ಟದಲ್ಲಿ ಕೂಡಿಸಿ ಒಬ್ಬನ ಕಿವಿಗೆ ಕೊಡಬೇಕು. ಪ್ರತಿ ಕಿವಿಗೂ ಬೇರೆ ಮೊತ್ತ, ಅದರಲ್ಲಿ ಅವನ ಸ್ವಂತ ದನಿ ಇರಬಾರದು.

ಅತ್ತೆ: ಹಾಗಾದ್ರೆ ಪ್ರತಿ ಮನೆಯಲ್ಲೂ ಒಂದು ಗುಣಾಕಾರ, ಒಂದು ಸಂಕಲನ. ಮನೆ ಅಂದ್ರೆ ಚೌಕದ ಮನೆ.

ಅಳಿಯ: ಅದೂ ಸೆಕೆಂಡಿಗೆ 48,000 ಸಲ. 128 ಪೋರ್ಟಿಗೆ 16,384 ಮನೆ, ಸೆಕೆಂಡಿಗೆ ಸುಮಾರು 79 ಕೋಟಿ ಗುಣಾಕಾರ. 1,024 ಪೋರ್ಟಿಗೆ ಐದು ಸಾವಿರ ಕೋಟಿ ದಾಟುತ್ತೆ. ಪೋರ್ಟು ಎಂಟು ಪಟ್ಟು, ಕೆಲಸ 64 ಪಟ್ಟು. ಈಗಿನ ಚಿಪ್ಪುಗಳು ಅದನ್ನ ನುಂಗಿಬಿಡುತ್ತವೆ. ಜರ್ಮನಿಯ ರೀಡೆಲ್ ಕಂಪನಿಯ ಆರ್ಟಿಸ್ಟ್-1024 ಅನ್ನೋದು ರ್‍ಯಾಕಿನಲ್ಲಿ ಒಂಬತ್ತು ಸೆಂಟಿಮೀಟರ್ ಎತ್ತರ ಇದೆ, ಒಳಗೆ 1,024 ಪೋರ್ಟು, ಯಾರನ್ನೂ ತಡೆಯಲ್ಲ.

ಅತ್ತೆ: ನಾವು ಒಂದು ಹಾಲ್ ತುಂಬ ನಿಲ್ಲಿಸ್ತಿದ್ದದ್ದು! ಆ ಜಿಗಿತ ನಮ್ಮ ಕಣ್ಣೆದುರೇ ಶುರುವಾಯ್ತು. 1984ರಲ್ಲಿ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿತು, ಅದನ್ನ ಕಟ್ಟಿದ ಸ್ಯಾಮ್ ಪಿತ್ರೋಡಾ ಕಾಲ. ಮೂರು ವರ್ಷದಲ್ಲಿ, 36 ಕೋಟಿ ರೂಪಾಯಿಯಲ್ಲಿ ಭಾರತದ್ದೇ ಡಿಜಿಟಲ್ ಎಕ್ಸ್‌ಚೇಂಜ್ ಮಾಡ್ತೀವಿ ಅಂತ ಹೊರಟವರು. 1986ರ ಜುಲೈನಲ್ಲಿ ಅವರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೂತದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು. 128 ಪೋರ್ಟು. ಎ.ಸಿ. ಬೇಡ, ಧೂಳು ಸೆಕೆ ಎಲ್ಲ ತಡೆಯೋ ಹಾಗೆ ಮಾಡಿದ್ದು. ಆಮೇಲೆ ಐಟಿಐನಲ್ಲೂ ಆ ವಿನ್ಯಾಸದವು ತಯಾರಾದವು.

ಅಳಿಯ: 128ಕ್ಕೆ 128ರ ಚೌಕ ಅದರೊಳಗೆ ಎಲ್ಲಿತ್ತು?

ಅತ್ತೆ: ಕಣ್ಣಿಗೆ ಕಾಣೋ ಹಾಗೆ ಎಲ್ಲೂ ಇರಲಿಲ್ಲ. ಡಿಜಿಟಲ್ ಸ್ವಿಚ್ಚಿನ ಉಪಾಯ ಹೀಗೆ. ಒಬ್ಬೊಬ್ಬನ ದನಿಯನ್ನೂ ಸೆಕೆಂಡಿಗೆ 8,000 ಸಲ ಅಳೆದು ಅಂಕಿ ಮಾಡ್ತಾರೆ. ಅಂದ್ರೆ 125 ಮೈಕ್ರೋಸೆಕೆಂಡಿಗೊಂದು ಅಂಕಿ. ಬಂದ ಅಂಕಿಗಳನ್ನ ಸರದಿಯಂತೆ ಮೆಮೊರಿಯಲ್ಲಿ ಬರೆದಿಡ್ತಾರೆ, ಓದುವಾಗ ಸರದಿ ಬದಲಿಸ್ತಾರೆ. 7ನೇ ಮನೆಯ ಅಂಕಿಯನ್ನ 90ನೇ ಮನೆಯ ಸರದಿಯಲ್ಲಿ ಓದಿದ್ರೆ 7 ಮಾತಾಡಿದ್ದು 90ಕ್ಕೆ ಕೇಳಿಸುತ್ತೆ. ಸ್ಪ್ರಿಂಗೂ ಇಲ್ಲ, ಬೆಳ್ಳಿಯೂ ಇಲ್ಲ.

ಅಳಿಯ: ಹಾಗಾದ್ರೆ ಗುಣಾಕಾರ ಹೋಯ್ತಲ್ಲ? 1,024 ಜನಕ್ಕೆ 1,024 ಮೆಮೊರಿ ಖಾನೆ ಸಾಕು.

ಅತ್ತೆ: ಜಾಗದಲ್ಲಿ ಹೋಯ್ತು, ಹೊತ್ತಿನಲ್ಲಿ ಬಂತು. ಆ 125 ಮೈಕ್ರೋಸೆಕೆಂಡನ್ನ 128 ಜನಕ್ಕೆ ಹಂಚಿದ್ರೆ ಒಬ್ಬೊಬ್ಬರಿಗೆ ಸುಮಾರು ಒಂದು ಮೈಕ್ರೋಸೆಕೆಂಡ್. 1,024 ಜನಕ್ಕೆ ಹಂಚಿದ್ರೆ 122 ನ್ಯಾನೋಸೆಕೆಂಡ್, ಅಷ್ಟರೊಳಗೆ ಒಂದು ಸಲ ಬರೀಬೇಕು, ಒಂದು ಸಲ ಓದಬೇಕು. ಆ ಕಾಲದ ಮೆಮೊರಿಗೆ ಅಲ್ಲೇ ಉಸಿರು ಕಟ್ಟುತ್ತಿತ್ತು. ಆದ್ದರಿಂದ ಸಿ-ಡಾಟ್‌ನವರು ದೊಡ್ಡ ಊರಿಗೆ ಮಾಡುವಾಗ ಮೆಮೊರಿಯನ್ನೇ ಹಿಗ್ಗಿಸುತ್ತಾ ಹೋಗಲಿಲ್ಲ. 512 ಪೋರ್ಟಿನ ಬೇಸ್ ಮಾಡ್ಯೂಲ್ ಅಂತ ಒಂದು ಘಟಕ ಮಾಡಿದ್ರು. ಊರು ಬೆಳೆದ ಹಾಗೆ ಇನ್ನೊಂದು, ಮತ್ತೊಂದು ಸೇರಿಸು, 32ರವರೆಗೆ. ನಡುವೆ ಅವನ್ನೆಲ್ಲ ಜೋಡಿಸೋಕೆ ಸೆಂಟ್ರಲ್ ಮಾಡ್ಯೂಲ್. ಎರ್ಲಾಂಗನ ಜೂಜೂ ಸೇರಿ ಹತ್ತಿರ ಹತ್ತಿರ 40,000 ಲೈನು.

ಅಳಿಯ: ಅಂಚಿನಲ್ಲಿ ಚಿಕ್ಕ ಸ್ವಿಚ್ಚು, ನಡುವೆ ಜೋಡಿಸೋದು, ಮತ್ತೆ ಅಂಚಿನಲ್ಲಿ ಚಿಕ್ಕ ಸ್ವಿಚ್ಚು. ಮತ್ತೆ ಕ್ಲೋಸ್‌ನ ಮೂರು ಸಾಲೇ!

ಅತ್ತೆ: ಎಲ್ಲಿ ತಪ್ಪಿಸಿಕೊಂಡ್ರೂ ಆ ಮನುಷ್ಯ ಎದುರಾಗ್ತಾನೆ.

ಅಳಿಯ: ನಾವೂ ಹಾಗೆ ಜೋಡಿಸ್ತೀವಿ. ಮೈದಾನದ ಹತ್ತಿರ ಒಂದು ಮ್ಯಾಟ್ರಿಕ್ಸ್ ಪೆಟ್ಟಿಗೆ, ಸ್ಟುಡಿಯೋದಲ್ಲಿ ಒಂದು, ನಡುವೆ ಎರಡನ್ನೂ ಜೋಡಿಸೋ ಟ್ರಂಕ್ ಲೈನು. ಎರಡು ಕಡೆಯೂ ನೂರಾರು ಪೋರ್ಟ್ ಇದ್ರೂ ನಡುವೆ ಹದಿನಾರೇ ಟ್ರಂಕ್ ಇದ್ರೆ ಹದಿನೇಳನೆಯವನು ಕಾಯಬೇಕು. ಯಲಹಂಕದ ಕಡೆ ರಸ್ತೆ ಎಷ್ಟೇ ಅಗಲ ಇದ್ರೂ ಬೆಳಿಗ್ಗೆ ಹೆಬ್ಬಾಳದ ಫ್ಲೈಓವರ್ ಏರುವಲ್ಲಿ ಎಲ್ಲ ಸೇರಿ ನಿಲ್ಲುತ್ತಲ್ಲ, ಹಾಗೆ. ಪೆಟ್ಟಿಗೆ ಮೇಲೆ ನಾನ್‌ಬ್ಲಾಕಿಂಗ್ ಅಂತ ಬರೆದಿರುತ್ತೆ, ಅದು ಒಂದು ಪೆಟ್ಟಿಗೆಗೆ ಮಾತ್ರ ನಿಜ. ಮೂರು ಟವರಿನಲ್ಲಿ ಮೂರು ಪೆಟ್ಟಿಗೆ ಇಟ್ರೆ ನಡುವೆ ಎಷ್ಟು ಟ್ರಂಕ್ ಅಂತ ಯಾರೂ ಕೇಳಲ್ಲ.

ಅತ್ತೆ: ಅದನ್ನ ಮೊದಲು ಬರೆದುಕೋ. ಮಾರೋರ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ ಅದು.

ಅಳಿಯ: ಎರಡನೇ ಕೊಟೇಶನ್ನಿನವರು ಐಪಿ ಇಂಟರ್‌ಕಾಮ್ ಅಂತಾರೆ. ಪೆಟ್ಟಿಗೆಯೇ ಬೇಡ, ಮಹಡಿ ಮಹಡಿಗೆ ನೆಟ್‌ವರ್ಕ್ ಸ್ವಿಚ್ಚು, ದನಿ ನೇರವಾಗಿ ಫೋನಿನಿಂದ ಫೋನಿಗೆ. ಬೇಕಾದ್ರೆ ಮೊಬೈಲ್ ಆ್ಯಪ್. ಸಾವಿರ ಇದ್ರೂ ಅಷ್ಟೇ, ಹತ್ತು ಸಾವಿರ ಇದ್ರೂ ಅಷ್ಟೇ ಅಂತೆ.

ಅತ್ತೆ: ಮಧ್ಯದ ಪೆಟ್ಟಿಗೆ ಹೊರೋ ಭಾರ ಕಡಿಮೆಯಾಗುತ್ತೆ, ಅದು ನಿಜ. ಸ್ವಿಚ್ಚಿಂದ ಸ್ವಿಚ್ಚಿಗೆ ಹೋಗೋ ಕೇಬಲ್ ಸಣ್ಣದಾದ್ರೆ ನಿನ್ನ ಹೆಬ್ಬಾಳ ಅಲ್ಲೂ ಇದೆ. ಇನ್ನು ಕರೆಂಟು. ಹಳೇ ಪೆಟ್ಟಿಗೆಯಲ್ಲಿ ಮನೆಯ ಫೋನಿಗೆ ಬೇಕಾದ ಕರೆಂಟು ಬೇಸ್‌ಮೆಂಟಿನ ಬ್ಯಾಟರಿಯಿಂದ ಅದೇ ಎರಡು ತಂತಿಯಲ್ಲಿ ಬರ್ತಿತ್ತು. ಒಂದು ಕಡೆ ಬ್ಯಾಟರಿ ನೋಡಿಕೊಂಡ್ರೆ ಸಾಕು. ಐಪಿ ಆದ್ರೆ ಪ್ರತಿ ಮಹಡಿಯ ಸ್ವಿಚ್ಚಿಗೂ ಯುಪಿಎಸ್ ಬೇಕು. ಕರೆಂಟು ಹೋಗಿ ಬಂದ ಕೂಡಲೇ ಏನಾಗುತ್ತೆ ಗೊತ್ತಲ್ಲ?

ಅಳಿಯ: ಗೊತ್ತು. 1,200 ಫೋನೂ ಒಂದೇ ಸಲ ಎದ್ದು ಸರ್ವರಿಗೆ ‘ನಾನು ಬಂದೆ, ನಾನು ಬಂದೆ’ ಅಂತ ರಿಜಿಸ್ಟರ್ ಆಗೋಕೆ ನುಗ್ಗುತ್ತವೆ. ಉತ್ತರ ತಡವಾದ್ರೆ ಮತ್ತೆ ಕೇಳುತ್ತವೆ, ಅದರಿಂದ ಇನ್ನೂ ತಡ. ನೂರು ಫೋನಿನಲ್ಲಿ ಇದು ಗೊತ್ತೇ ಆಗಲ್ಲ.

ಅತ್ತೆ: ದಿನದ ಮಾತಿಗೆ ಬೇಕಾದ ಶಕ್ತಿ ಬೇರೆ, ಎಲ್ಲರೂ ಒಟ್ಟಿಗೆ ಏಳುವಾಗ ಬೇಕಾದ ಶಕ್ತಿ ಬೇರೆ. ಎರಡನೇ ಪ್ರಶ್ನೆ ಅದು: ಪೂರ್ತಿ ಕರೆಂಟು ಹೋಗಿ ಬಂದ ಮೇಲೆ ಕಟ್ಟಕಡೆಯ ಫೋನು ಎಷ್ಟು ನಿಮಿಷಕ್ಕೆ ಕೆಲಸ ಮಾಡುತ್ತೆ? ಎದುರಿಗೇ ಮೇನ್ ಆಫ್ ಮಾಡಿಸಿ ತೋರಿಸೋಕೆ ಹೇಳು.

ಅಳಿಯ: ನನಗೆ ಇನ್ನೊಂದು ಮಿತಿ ಗೊತ್ತು, ಅದನ್ನ ಯಾವ ಚಿಪ್ಪೂ ದಾಟಿಸಲ್ಲ. ಕಿವಿ. ಡೈರೆಕ್ಟರ್ ಪ್ಯಾನೆಲ್ ಮೇಲೆ 32 ಗುಂಡಿ ಕೊಟ್ಟು 32 ಜನರನ್ನೂ ಕೇಳಿಸಿದ್ರೆ ಅವರಿಗೆ ಒಬ್ಬರ ಮಾತೂ ತಿಳಿಯಲ್ಲ. ಅದಕ್ಕೆ ಕಾರ್ಯಕ್ರಮಕ್ಕೆ ಮುಂಚೆ ನಾನು ಕೂತು ಮಾಡೋದು ಮ್ಯಾಟ್ರಿಕ್ಸನ್ನ ಖಾಲಿ ಮಾಡೋ ಕೆಲಸ. ಕ್ಯಾಮೆರಾದವರೆಲ್ಲ ಒಂದು ಗುಂಪು, ಅವರ ಪರವಾಗಿ ಒಬ್ಬ. ಲೈಟಿನವರು ಒಂದು ಗುಂಪು. ಯಾರ ಮಾತು ಯಾರ ಮಾತನ್ನ ತಗ್ಗಿಸಬೇಕು ಅಂತ ಆದ್ಯತೆ. ಸಾವಿರಾರು ಮನೆಯಲ್ಲಿ ಕೊನೆಗೆ ತುಂಬೋದು ಕೆಲವು ನೂರು.

ಅತ್ತೆ: ಹಾಗಾದ್ರೆ ಅದೇ ಕೆಲಸವನ್ನ ನಿನ್ನ ಅಪಾರ್ಟ್‌ಮೆಂಟಿಗೆ ಯಾಕೆ ಮಾಡಲಿಲ್ಲ? ಒಂದು ಹಾಳೆ ತಗೋ, ಎಡಗಡೆ ಮಾತಾಡೋರು, ಮೇಲುಗಡೆ ಕೇಳೋರು. ನಿಮ್ಮಲ್ಲಿ ಮನೆಯಿಂದ ಮನೆಗೆ ಇಂಟರ್‌ಕಾಮಿನಲ್ಲಿ ಯಾರು ಮಾತಾಡ್ತಾರೆ?

ಅಳಿಯ: ವಯಸ್ಸಾದವರು ಸ್ವಲ್ಪ ಜನ. ಉಳಿದವರಿಗೆ ವಾಟ್ಸ್ಆ್ಯಪ್ ಇದೆ.

ಅತ್ತೆ: ಮತ್ತೆ ಯಾರು ಯಾರಿಗೆ?

ಅಳಿಯ: ಗೇಟಿನಿಂದ ಮನೆಗೆ. ನಾಲ್ಕು ಗೇಟು. ಸೆಕ್ಯುರಿಟಿ ರೂಮು, ಲಿಫ್ಟಿನೊಳಗಿನ ಎಮರ್ಜೆನ್ಸಿ ಫೋನು, ಎಲೆಕ್ಟ್ರಿಷಿಯನ್, ಪ್ಲಂಬರ್.

ಅತ್ತೆ: ನಾಲ್ಕು ಗೇಟು, 1,200 ಮನೆ: ಚೌಕದ 4,800 ಮನೆ ತುಂಬಿತು. ಚೌಕದಲ್ಲಿರೋ ಒಟ್ಟು ಮನೆ ಹದಿನಾಲ್ಕು ಲಕ್ಷದ ಮೇಲೆ. ನೂರಕ್ಕೆ ಅರ್ಧವೂ ಇಲ್ಲ. ಮನೆ ನಾಲ್ಕು ಪಟ್ಟಾದಾಗ ನಿಮ್ಮಲ್ಲಿ ಹದಿನಾರು ಪಟ್ಟಾದದ್ದು ಯಾರೂ ಬಳಸದ ಜೋಡಿಗಳು. ಗೇಟಿನ ಕರೆ ಆದದ್ದು ನಾಲ್ಕೇ ಪಟ್ಟು. ಆ ನಾಲ್ಕು ಪಟ್ಟು ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಡೆಲಿವರಿ ಎಷ್ಟು ಗೇಟಿನಲ್ಲಿ?

ಅಳಿಯ: ಒಂದೇ. ಬಿಡುವಿಲ್ಲದ ಗಂಟೆಯಲ್ಲಿ 180 ಬರುತ್ತೆ ಅಂತ ರಿಜಿಸ್ಟರ್ ಹೇಳುತ್ತೆ. ಒಂದು ಕರೆಗೆ ರಿಂಗ್ ಸೇರಿ 40 ಸೆಕೆಂಡ್.

ಅತ್ತೆ: 7,200 ಸೆಕೆಂಡ್. ಗಂಟೆಯಲ್ಲಿರೋದು 3,600. ಎರಡು ಎರ್ಲಾಂಗ್. ಗೇಟಿನಲ್ಲಿ ಎಷ್ಟು ಫೋನಿದೆ?

ಅಳಿಯ: ...ಎರಡು.

ಅತ್ತೆ: ಎರಡು ಎರ್ಲಾಂಗ್ ಕೆಲಸಕ್ಕೆ ಎರಡು ಫೋನಿಟ್ರೆ ಸಾಲು ಕರಗೋದೇ ಇಲ್ಲ, ಬೆಳೀತಾನೇ ಹೋಗುತ್ತೆ. ಮೂರು ಇಟ್ರೆ ಸರಾಸರಿ 18 ಸೆಕೆಂಡ್ ಕಾಯ್ತಾರೆ. ನಾಲ್ಕು ಇಟ್ರೆ ಮೂರೂವರೆ ಸೆಕೆಂಡ್. ಒಳಗೆ 1,200ಕ್ಕೆ 1,200 ಹಾಕಿಸಿದ್ರೂ ಗೇಟಿನಲ್ಲಿ ಎರಡೇ ಫೋನಿದ್ರೆ ಆ ಹುಡುಗರು ಅಲ್ಲೇ ನಿಂತಿರ್ತಾರೆ.

ಅಳಿಯ: ಎರಡು ಫೋನು, ಇಬ್ಬರು ಗಾರ್ಡು. ಇಷ್ಟು ದಿನ ನಾವು ಮ್ಯಾಟ್ರಿಕ್ಸಿನ ಗಾತ್ರಕ್ಕೆ ಜಗಳ ಆಡ್ತಿದ್ವಿ.

ಅತ್ತೆ: ಗಾತ್ರದ ಲೆಕ್ಕ ಬೇಡ ಅಂತಲ್ಲ ಕಣೋ. ಜನ ಬೆಳೆದಾಗ ಯಾವುದು ಜನದಷ್ಟೇ ಬೆಳೆಯುತ್ತೆ, ಯಾವುದು ಅದರ ಹತ್ತಾರು ಪಟ್ಟು ಬೆಳೆಯುತ್ತೆ, ಯಾವುದು ಬೆಳೆಯೋದೇ ಇಲ್ಲ, ಇವನ್ನ ಬೇರೆ ಬೇರೆ ಸಾಲಿನಲ್ಲಿ ಬರಿ. ನಿನ್ನ ನೇರಪ್ರಸಾರಕ್ಕೆ ನಾನ್‌ಬ್ಲಾಕಿಂಗ್ ಬೇಕೇ ಬೇಕು, ಅಲ್ಲಿ ದುಡ್ಡು ಸುರಿ. ಅಪಾರ್ಟ್‌ಮೆಂಟಿಗೆ ಜೂಜು ಸಾಕು. ಲಿಫ್ಟಿನ ಫೋನಿಗೆ ಮಾತ್ರ ಜೂಜು ಬೇಡ. ಅದಕ್ಕೆ ಬೇರೆ ದಾರಿ, ಬೇರೆ ಬ್ಯಾಟರಿ, ಮಿಕ್ಕವರೆಲ್ಲ ಮಾತಾಡ್ತಿದ್ರೂ ಅದು ಹೋಗಬೇಕು.

ಅಳಿಯ: ಮೂರನೇ ಪ್ರಶ್ನೆ ಅದಾಗಲಿ. ನಾಲ್ಕನೇ ಹಂತದ ಮಾತೂ ನಡೀತಿದೆ, ಇನ್ನೂ 400 ಮನೆ. ಈಗಲೇ 1,600 ಪೋರ್ಟ್ ತಗೋಬೇಕಾ?

ಅತ್ತೆ: ಬೇಡ. ಘಟಕ ಸೇರಿಸೋಕೆ ಬರುವಂಥದ್ದು ತಗೋ, ಪೋರ್ಟು ವರ್ಷ ವರ್ಷಕ್ಕೂ ಅಗ್ಗ ಆಗುತ್ತೆ. ಈಗಲೇ ಹೆಚ್ಚಿಗೆ ಹಾಕಿಸಬೇಕಾದ್ದು ನೆಲದೊಳಗಿನ ಪೈಪು. ಗೇಟಿನಿಂದ ಪ್ರತಿ ಟವರಿಗೂ ಒಂದು ಖಾಲಿ ಪೈಪು, ಒಳಗೆ ಎಳೆಯೋ ದಾರ ಸಮೇತ. ಲ್ಯಾಂಡ್‌ಸ್ಕೇಪಿಂಗ್ ಮುಗಿದ ಮೇಲೆ ಟೈಲ್ಸ್ ಒಡೆಸ್ತೀನಿ ಅಂತ ಹೋಗು, ನಿನ್ನ ಕಮಿಟಿಯವರು ಒಂದು ಪೋರ್ಟಿಗೂ ಸಹಿ ಹಾಕಲ್ಲ.